ಓಟಿಗೆ ಮೊದಲು ಒಂದು ಕಟ್ಟೆ ಬೇಕು

ಪ್ರತಿ ಚುನಾವಣೆಯ ಮಾರನೇ ದಿನ, ಓಟು ಹಾಕೋಕೆ ಸೋಮಾರಿಗಳು ಅಂತ ಬೆಂಗಳೂರಿನವರಿಗೆ ಬೈಗುಳ ತಪ್ಪಿದ್ದಲ್ಲ. 2024ರ ಏಪ್ರಿಲ್ 26ರಂದು ಮಂಡ್ಯದಲ್ಲಿ ಮತದಾನ ಶೇ 81 ದಾಟಿತು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. ನಾನು ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ, ಇಪ್ಪತ್ತು ವರ್ಷದಿಂದ ಇಲ್ಲಿರುವವನು. ಇಲ್ಲಿನವರು ಸೋಮಾರಿಗಳು ಅಂತ ನನಗೆ ಯಾವತ್ತೂ ಅನಿಸಿಲ್ಲ.

ನಮ್ಮೂರಿನ ಅರಳಿಕಟ್ಟೆ ಎದುರಿಗೇ ಶಾಲೆ, ಪಕ್ಕದಲ್ಲಿ ಹಾಲಿನ ಡೈರಿ. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಕಾಲ ಬಳಿ ಇಟ್ಟುಕೊಂಡು ಕಟ್ಟೆ ಮೇಲೆ ಕೂತರೆ ಎಲ್ಲ ಮಾತೂ ಅಲ್ಲೇ. ಬೋರ್‌ವೆಲ್ ಮೋಟರ್ ಸುಟ್ಟಿದ್ದು, ಚರಂಡಿ ಕಟ್ಟಿಕೊಂಡಿದ್ದು, ಮೆಂಬರ್ ಈ ಕಡೆ ತಲೆ ಹಾಕದೇ ಇರೋದು. ಓಟು ಹಾಕೋದೂ ಎದುರಿನ ಆ ಶಾಲೆಯಲ್ಲೇ. ಮಧ್ಯಾಹ್ನ ಆದರೂ ಅಮ್ಮ ಹೋಗಿಲ್ಲ ಅಂದ್ರೆ, "ಯಾಕಕ್ಕಾ, ಇನ್ನೂ ಹೋಗ್ಲಿಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಆ ಕಟ್ಟೆ ಮೇಲೆ ಎಲ್ಲರಿಗೂ ಜಾಗ ಇರಲಿಲ್ಲ ಅನ್ನೋದನ್ನೂ ಹೇಳಲೇಬೇಕು. ಹೆಂಗಸರು ಡೈರಿ ಸಾಲಲ್ಲಿ ನಿಂತೇ ಮಾತಾಡಿ ಮನೆಗೆ ಹೋಗುತ್ತಿದ್ದರು. ಕೇರಿಯವರು ದೂರದಲ್ಲೇ ನಿಲ್ಲುತ್ತಿದ್ದರು. ಹೊಸದಾಗಿ ಕಟ್ಟೋದಾದ್ರೆ ಈ ತಪ್ಪು ಆಗಬಾರದು.

ಬೆಂಗಳೂರಿನಲ್ಲಿ ಏನಿದೆ? ಕಳೆದ ಸಲ ನಮ್ಮ ಕೆಳಗಿನ ಮನೆ ಆಂಟಿ ಪ್ರತಿ ಬಾರಿ ಹೋಗುತ್ತಿದ್ದ ಶಾಲೆಗೇ ಹೋದರು. ಬೂತ್ ಬದಲಾಗಿದೆ, ಮೇನ್ ರೋಡ್ ದಾಟಿ ಹೋಗಿ ಅಂತ ಅಲ್ಲಿದ್ದವರು ಅಂದರು. ಅವರಿಗೆ ಮಂಡಿ ನೋವು, ಮೇಲೆ ಸುಡು ಬಿಸಿಲು. ವೋಟರ್ ಐಡಿ ಪರ್ಸಿಗೆ ಹಾಕಿಕೊಂಡು ವಾಪಸ್ ಬಂದುಬಿಟ್ಟರು. ನಮ್ಮ ಮನೆಯಿಂದ ಇನ್ನೂರು ಹೆಜ್ಜೆಗೆ ಪಾರ್ಕ್ ಇದೆ. ಹುಲ್ಲು ತುಳಿಯಬೇಡಿ, ಹೂ ಕೀಳಬೇಡಿ, ಆಟ ಆಡಬೇಡಿ ಅಂತ ಬೋರ್ಡಿದೆ. ನಮ್ಮ ಬೀದಿಯವರ ಮತಗಟ್ಟೆ ಯಾವುದು ಅಂತ ಎಲ್ಲೂ ಇಲ್ಲ.

ಆ ಪಾರ್ಕಿನ ಗೇಟಿನ ಪಕ್ಕದಲ್ಲೇ, ಬೀಗ ಹಾಕಿದರೂ ಕೂರೋಕೆ ಆಗುವಂತೆ ಹೊರಗಡೆ, ನೆರಳಿರುವ ಒಂದು ಕಟ್ಟೆ ಕಟ್ಟಿ. ವಯಸ್ಸಾದವರು ಸಲೀಸಾಗಿ ಕೂತು ಏಳುವಷ್ಟು ಎತ್ತರ, ಒರಗೋಕೆ ಗೋಡೆ, ವೀಲ್‌ಚೇರ್ ಬರೋಕೆ ಇಳಿಜಾರು, ಕತ್ತಲಾದ ಮೇಲೂ ಹೆಂಗಸರು ಧೈರ್ಯವಾಗಿ ಕೂರೋಕೆ ಒಂದು ದೀಪ. ಗೋಡೆ ಮೇಲೆ ವಾರ್ಡಿನ ನಕ್ಷೆ, ಯಾವ ಬೀದಿಗೆ ಯಾವ ಬೂತ್, ಮತದಾರರ ಪಟ್ಟಿ ನೋಡಿಕೊಳ್ಳೋ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಯಾರು ಅನ್ನೋ ವಿವರ. ವಾರ್ಡ್ ಸಮಿತಿ ಸಭೆ ಯಾವುದೋ ಆಫೀಸಿನ ಮಹಡಿ ಮೇಲೆ ಬೇಡ, ಇಲ್ಲೇ ನಡೀಲಿ. ತರಕಾರಿ ಚೀಲ ಹಿಡಿದು ಹೋಗುವವರೂ ಒಂದು ನಿಮಿಷ ನಿಂತು ಕೇಳಲಿ. ಹದಿನೆಂಟು ತುಂಬಿದವರು ಮತದಾರರ ಪಟ್ಟಿಗೆ ಸೇರೋಕೆ ಈಗ ಜನವರಿ 1ಕ್ಕೆ ಕಾಯಬೇಕಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ 1ರ ಲೆಕ್ಕದಲ್ಲೂ ಹೆಸರು ಸೇರಿಸಬಹುದು. ನಮ್ಮ ಬಿಲ್ಡಿಂಗಿನ ಹುಡುಗರಿಗೆ ಇದು ಗೊತ್ತೇ ಇರಲಿಲ್ಲ.

2015ರಲ್ಲಿ ಆರಿಸಿದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಎಷ್ಟೋ ಜನರಿಗೆ ಅದು ಗೊತ್ತಾಗಲೂ ಇಲ್ಲ. ದಿನಾ ಕೂತು ಮಾತಾಡೋ ಜಾಗ ಇದ್ದಿದ್ದರೆ ಗೊತ್ತಾಗ್ತಿತ್ತು ಅಲ್ವಾ?

ಕಟ್ಟೆ ಕೇಳಿ ಅರ್ಜಿ ಬರೆದಿದ್ದೇವೆ. ಮೊದಲ ಸಹಿ ಕೆಳಗಿನ ಮನೆ ಆಂಟಿದು. ನಿಮ್ಮ ಬಡಾವಣೆಯಲ್ಲಿ ಇಂಥ ಜಾಗ ಇದ್ದರೆ ಒಂದು ಫೋಟೊ ಹಾಕಿ, ಅರ್ಜಿ ಜೊತೆ ಇಡುತ್ತೇವೆ.