ನಮ್ಮ ಅಂಗಳದಲ್ಲಿ ಯಾರದೋ ಮಾರುತಿ

ರಸ್ತೆಯಲ್ಲಿ ಕಾರು ಬಿಟ್ಟು ಹೋದರೆ ಕಾನೂನು ಬಹಳ ಚುರುಕು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 127ನೇ ಸೆಕ್ಷನ್ ಅಂತ ಒಂದಿದೆ. ಸಾರ್ವಜನಿಕ ಜಾಗದಲ್ಲಿ ಗಾಡಿ ಹತ್ತು ಗಂಟೆ ದಿಕ್ಕಿಲ್ಲದೆ ನಿಂತಿದ್ದರೆ ಸಾಕು, ಆ ಏರಿಯಾದ ಪೊಲೀಸ್ ಅಧಿಕಾರಿ ಅದನ್ನು ಎಳೆಸಿಕೊಂಡು ಹೋಗಬಹುದು. ಆದರೆ ಯೂನಿಫಾರಂ ಹಾಕಿಕೊಂಡಿರಬೇಕು, ಅದನ್ನೂ ಬರೆದಿದ್ದಾರೆ. ಅದೇ ಗಾಡಿ ನಿಮ್ಮ ಕಾಂಪೌಂಡಿನ ಒಳಗೆ ನಿಂತಿದ್ದರೆ? ಹತ್ತು ಗಂಟೆ ಬಿಡಿ, ಹತ್ತು ದೀಪಾವಳಿ ಕಳೆದರೂ ಈ ಸೆಕ್ಷನ್ ಗೇಟು ದಾಟಿ ಒಳಗೆ ಬರುವುದಿಲ್ಲ.

ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕಿಕೊಂಡಿರಬೇಕಾದ ನನಗೆ ಸೆಕ್ಷನ್ ನಂಬರುಗಳು ಬಾಯಿಗೆ ಬರಲು ಕಾರಣ ಒಂದು ಬಿಳಿ ಮಾರುತಿ 800.

ಮೈಸೂರಿನ ನಮ್ಮ ಮನೆಯ ಹಿಂದೆ ಒಂದು ಔಟ್‌ಹೌಸ್ ಇದೆ. ಅಲ್ಲಿ ಮೆಡಿಕಲ್ ರೆಪ್ ಹುಡುಗನೊಬ್ಬ ಬಾಡಿಗೆಗಿದ್ದ. ಒಳ್ಳೆಯ ಹುಡುಗ. ಎಲ್ಲದಕ್ಕೂ ಒಂದು ನಗು, ಕೊನೆಯಲ್ಲಿ ಒಂದು "ಆಂಟಿ". ವರ್ಗಾವಣೆ ಆಯಿತು ಅಂತ ಸಾಮಾನೆಲ್ಲ ಟಾಟಾ ಏಸ್‌ಗೆ ತುಂಬಿದವನು, ಕಾರಿನ ಕಡೆ ಕೈ ತೋರಿಸಿ, "ಬ್ಯಾಟರಿ ಡೌನ್ ಆಗಿದೆ ಆಂಟಿ, ಭಾನುವಾರ ಮೆಕ್ಯಾನಿಕ್ ಕರ್ಕೊಂಡು ಬಂದು ತಗೊಂಡು ಹೋಗ್ತೀನಿ" ಅಂದ. ಯಾವ ವರ್ಷದ ಭಾನುವಾರ ಅಂತ ನಾವೂ ಕೇಳಲಿಲ್ಲ.

ಮೊದಮೊದಲು ಕಾರು ಕಾರಾಗಿಯೇ ಇತ್ತು. ಆಮೇಲೆ ಟೈರುಗಳು ಒಂದೊಂದಾಗಿ ಕೂತವು. ಕೆಲಸದವಳು ಸೈಡ್ ಮಿರರ್‌ಗೆ ನೆಲ ಒರೆಸುವ ಬಟ್ಟೆ ನೇತುಹಾಕಲು ಶುರು ಮಾಡಿದಳು. ಬೆಕ್ಕು ಇಂಜಿನ್ ಕೆಳಗೆ ಮರಿ ಹಾಕಿತು. ಕಾರಿನ ಹಿಂಭಾಗ ಸಂಪಿಗೆ ಮರದ ನೆರಳಲ್ಲಿತ್ತು, ಮುಂಭಾಗ ಬಿಸಿಲಲ್ಲಿ. ಅದನ್ನು ಮೊದಲು ಗಮನಿಸಿದವರು ನಮ್ಮತ್ತೆ. ಬಾನೆಟ್ ಮೇಲೆ ಹಳೆ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟರು. ಕೆಳಗಿನಿಂದ ತಗಡಿನ ಕಾವು, ಮೇಲಿನಿಂದ ಸೂರ್ಯನ ಕಾವು. ತಾರಸಿ ಹತ್ತುವ ಕೆಲಸ ಇಲ್ಲ, ಮಂಡಿ ನೋವಿಲ್ಲ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾಗುತ್ತಿದ್ದ ಈ ಕಾರು ದೇಶದ ಎಷ್ಟೋ ಮನೆಗಳಿಗೆ ಮೊದಲ ಕಾರು. ಸಂಡಿಗೆಗೂ ಇಷ್ಟು ಒಗ್ಗುತ್ತೆ ಅಂತ ಜಾಹೀರಾತಿನಲ್ಲಿ ಒಂದು ಮಾತು ಹಾಕಿದ್ದರೆ ಇನ್ನೂ ಜಾಸ್ತಿ ಮಾರಾಟ ಆಗುತ್ತಿತ್ತು.

ಆಯುಧಪೂಜೆ ಬಂತು. "ಯಾರದ್ದಾದ್ರೇನು, ನಮ್ಮ ಅಂಗಳದಲ್ಲಿದೆ. ಹಬ್ಬದ ದಿನ ಹಾಗೇ ಬಿಡೋಕಾಗುತ್ತಾ?" ಅಂತ ಅತ್ತೆ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಸಿದರು. ನಿಂಬೆಹಣ್ಣಿನ ಹತ್ತಿರ ತೊಡಕಾಯಿತು. ಗಾಳಿ ಇಲ್ಲದೆ ನೆಲಕ್ಕಂಟಿದ ಟೈರಿನ ಕೆಳಗೆ ನಿಂಬೆಹಣ್ಣು ತೂರಿಸುವುದು ಎಲ್ಲಿಂದ? ತೂರಿಸಿದರೂ ಮುಂದಕ್ಕೆ ಓಡಿಸುವುದು ಯಾರು? ಕೊನೆಗೆ ನಾಲ್ಕು ಟೈರಿನ ಪಕ್ಕ ನಾಲ್ಕು ಹಣ್ಣಿಟ್ಟು, ನಮ್ಮ ಯಜಮಾನರೇ ಒಂದೊಂದನ್ನೂ ಕಾಲಲ್ಲಿ ತುಳಿದು ಪ್ರದಕ್ಷಿಣೆ ಮುಗಿಸಿದರು.

ಇಷ್ಟರಲ್ಲಿ ನಮ್ಮ ಸ್ವಂತ ಕಾರು ಎಲ್ಲಿತ್ತು ಅಂತೀರಾ? ರಸ್ತೆಯಲ್ಲಿ. ಮೇಲೆ ಪಾರಿವಾಳ, ಕೆಳಗೆ ನಾಯಿ, ಜೊತೆಗೆ ಯಾವ ಕ್ಷಣದಲ್ಲಾದರೂ ಬರಬಹುದಾದ 127ನೇ ಸೆಕ್ಷನ್.

ಯಜಮಾನರಿಗೆ ರೇಗಿದ್ದು ಆವಾಗ. ಹುಡುಗನಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪ್‌ನಲ್ಲಿ ಬರೆದರೆ ಎರಡು ನೀಲಿ ಟಿಕ್ ಬರುತ್ತವೆ, ಉತ್ತರ ಬರುವುದಿಲ್ಲ. ಪಕ್ಕದ ಮನೆಯ ರಾಯರು ಬೇರೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಹುಷಾರು, ಹನ್ನೆರಡು ವರ್ಷ ಕಳೆದ್ರೆ ಆ ಜಾಗ ಅವನದೇ ಆಗ್ಬಿಡುತ್ತೆ" ಅಂದರು. ಅತ್ತೆಗೆ ಆ ರಾತ್ರಿ ನಿದ್ದೆ ಇಲ್ಲ. ಮಾವ ಕಟ್ಟಿಸಿದ ಮನೆ ಮಾರುತಿ ಕಾರಿನ ಪಾಲಾಗುವುದಾ?

ಬೆಳಗ್ಗೆಯೇ ನಮ್ಮ ಚಿಕ್ಕಪ್ಪನಿಗೆ ಬುಲಾವು ಹೋಯಿತು. ಚಿಕ್ಕಪ್ಪ ವಕೀಲರು. ಪ್ರಾಕ್ಟೀಸ್ ಬಿಟ್ಟಿದ್ದಾರೆ, ವಾದ ಬಿಟ್ಟಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಕಾರಿಗೆ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲಿನ ಸಂಡಿಗೆ ಒಂದನ್ನು ಬಾಯಿಗೆ ಹಾಕಿಕೊಂಡು ಹೇಳಿದರು: "ಹನ್ನೆರಡು ವರ್ಷದ ಮಾತು ಬಿಡಿ. ಅದು ಮಾಲೀಕನ ಹಕ್ಕನ್ನೇ ಧಿಕ್ಕರಿಸಿ ಜಾಗ ಹಿಡಿದು ಕೂತವನಿಗೆ. ನಿಮ್ಮನ್ನ ಆಂಟಿ ಅಂತ ಕರೆದು, ಕೇಳಿ ನಿಲ್ಲಿಸಿದವನಿಗೆ ಅಲ್ಲ. ಆದರೆ ನಿಮಗೆ ಬೇರೆ ತೊಂದರೆ ಇದೆ. 1872ರ ಕರಾರು ಕಾಯ್ದೆ, ಸೆಕ್ಷನ್ 151. ಇನ್ನೊಬ್ಬರ ವಸ್ತು ನಿಮ್ಮ ಸುಪರ್ದಿಗೆ ಬಂದ ಮೇಲೆ ಅದನ್ನ, ವಿವೇಕ ಇರುವ ಮನುಷ್ಯ ಸ್ವಂತ ವಸ್ತುವನ್ನ ನೋಡಿಕೊಳ್ಳುವ ಹಾಗೆ, ಜೋಪಾನ ಮಾಡಬೇಕು."

"ನನ್ನ ಸ್ವಂತದ್ದರ ಮೇಲೆ ಪಾರಿವಾಳ ಹೇತಿದೆ. ಇದಕ್ಕೂ ಹಾಗೇ ಮಾಡಿಸಲಾ?" ಅಂದರು ಯಜಮಾನರು.

ಚಿಕ್ಕಪ್ಪ ಅದನ್ನು ಕಿವಿಗೆ ಹಾಕಿಕೊಳ್ಳದೆ 169ನೇ ಸೆಕ್ಷನ್‌ಗೆ ಹೋದರು. ಯಾರದೋ ವಸ್ತು ನಿಮಗೆ ಸಿಕ್ಕಿತು ಅನ್ನಿ. ಎಷ್ಟು ಹುಡುಕಿದರೂ ಮಾಲೀಕ ಸಿಗಲಿಲ್ಲ, ಅಥವಾ ಸಿಕ್ಕರೂ ನೀವು ಮಾಡಿದ ಖರ್ಚು ಕೊಡಲ್ಲ ಅಂದ. ಆಗ ಆ ನ್ಯಾಯವಾದ ಖರ್ಚು ವಸ್ತುವಿನ ಬೆಲೆಯ ಮೂರರಲ್ಲಿ ಎರಡು ಭಾಗ ಮುಟ್ಟಿದರೆ ನೀವು ಅದನ್ನು ಮಾರಬಹುದು. ಬ್ರಿಟಿಷರ ಕಾಲದಲ್ಲಿ ಕಳೆದುಹೋದ ಕುದುರೆಗೋ ಎಮ್ಮೆಗೋ ಬರೆದದ್ದಿರಬೇಕು. ಅತ್ತೆ ಮಾತ್ರ ಕ್ಯಾಲೆಂಡರಿನ ಹಿಂದೆ ಬರೆಯಲು ಕೂತೇಬಿಟ್ಟರು. ಬೂದುಗುಂಬಳ. ನಿಂಬೆಹಣ್ಣು. ಅರಿಶಿನ, ಕುಂಕುಮ, ಸೇವಂತಿಗೆ ಒಂದು ಮಾರು. ಬೆಕ್ಕಿಗೆ ಹಾಲು, ದಿನಕ್ಕೆ ಅರ್ಧ ಲೋಟದಂತೆ.

"ಹಾಲು ಕುಡಿದದ್ದು ಬೆಕ್ಕು, ಕಾರಲ್ಲ. ಕೋರ್ಟು ಒಪ್ಪಲ್ಲ" ಅಂದರು ಚಿಕ್ಕಪ್ಪ. ಆಮೇಲೆ, "ಒಪ್ಪಿದರೂ ನಿಮಗೆ ಈ ಸೆಕ್ಷನ್ ಬರಲ್ಲ. ಇದು ಸಿಕ್ಕ ವಸ್ತು ಅಲ್ಲ, ಬಿಟ್ಟುಹೋದ ವಸ್ತು. ಬಿಟ್ಟವನು ಯಾರು ಅಂತಲೂ ಗೊತ್ತು" ಅಂತ ಸೇರಿಸಿದರು. ಅಷ್ಟೊತ್ತಿಗೆ ಲೆಕ್ಕ ಕ್ಯಾಲೆಂಡರಿನ ಎರಡನೇ ಹಾಳೆಗೆ ಹೋಗಿತ್ತು.

ಗುಜರಿಯವನ ದಾರಿ ಇದಕ್ಕಿಂತ ಸಲೀಸು. ಒಮ್ಮೆ ನೋಡಿದ, ಬಾಗಿಲು ತಟ್ಟಿದ, "650 ಕೆಜಿ ಬರುತ್ತೆ ಮೇಡಂ. ಆರ್‌ಸಿ ಗೀರ್‌ಸಿ ಏನೂ ಬೇಡ. ರಾತ್ರಿ ಬರ್ತೀವಿ, ಬೆಳಗ್ಗೆ ನೀವು ಎದ್ದಾಗ ರಂಗೋಲಿ ಹಾಕ್ಬಹುದು" ಅಂದ. ಅತ್ತೆಯ ಮುಖ ಅರಳಿತು. ಚಿಕ್ಕಪ್ಪನಿಗೆ ಫೋನಲ್ಲಿ ಹೇಳಿದರೆ, "ಅದು ಕಳವು. ಮೊದಲು ದಂಡ ಸಂಹಿತೆಯಲ್ಲಿ 379 ಇತ್ತು, 2024ರ ಜುಲೈ 1ರಿಂದ ನ್ಯಾಯ ಸಂಹಿತೆಯಲ್ಲಿ 303 ಆಗಿದೆ. ನಂಬರ್ ಬದಲಾಗಿದೆ, ಜೈಲು ತಪ್ಪಿಲ್ಲ" ಅಂದರು. ರಂಗೋಲಿ ಆಸೆ ಅಲ್ಲಿಗೆ ಮುಗಿಯಿತು.

ಠಾಣೆಗೆ ಹೋದೆವು. ಬಾಗಿಲಲ್ಲೇ ನಮ್ಮ ಉತ್ತರ ನಿಂತಿತ್ತು. ವಶಪಡಿಸಿಕೊಂಡ ಬೈಕುಗಳು ಒಂದರ ಮೇಲೊಂದು ಒರಗಿದ್ದವು. ಒಂದು ಆಟೋದ ಟಾಪಿನಿಂದ ಅರಳಿ ಗಿಡ ಮೇಲೆದ್ದು ನನ್ನ ಎತ್ತರಕ್ಕೆ ಬೆಳೆದಿತ್ತು. ಹೀಗೆ ಗಾಡಿಗಳನ್ನು ಠಾಣೆ ಮುಂದೆ ಕೊಳೆಸಬೇಡಿ, ಬೇಗ ವಿಲೇವಾರಿ ಮಾಡಿ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಆ ಅರಳಿ ಗಿಡಕ್ಕೆ ಸುದ್ದಿ ಮುಟ್ಟಿಲ್ಲ ಅಷ್ಟೆ.

ಅಲ್ಲಿದ್ದ ಅಧಿಕಾರಿ ಮಾತ್ರ ತಾಳ್ಮೆಯ ಮನುಷ್ಯ. ಕಳುವಿನ ಗಾಡಿಯಲ್ಲ ಅಂತ ಕಂಪ್ಯೂಟರಿನಲ್ಲಿ ನೋಡಿ ಹೇಳಿದರು. "ನಾವು ವಶಕ್ಕೆ ತಗೊಂಡ್ರೆ ಮ್ಯಾಜಿಸ್ಟ್ರೇಟ್‌ಗೆ ವರದಿ ಕೊಡ್ಬೇಕು ಮೇಡಂ. ಅವರು ಪ್ರಕಟಣೆ ಹೊರಡಿಸ್ತಾರೆ. ವಾರಸುದಾರರು ಬರೋದಕ್ಕೆ ಆರು ತಿಂಗಳು ಟೈಮು. ಯಾರೂ ಬರ್ಲಿಲ್ಲ ಅಂದ್ರೆ ಗಾಡಿ ಸರ್ಕಾರದ್ದು, ಆಮೇಲೆ ಹರಾಜು. ಅಲ್ಲೀವರೆಗೂ ಎಲ್ಲಿ ನಿಲ್ಸೋದು ನೀವೇ ಹೇಳಿ." ನಾವು ಠಾಣೆಯ ಅಂಗಳ ನೋಡಿದೆವು. ಅವರೂ ನೋಡಿದರು. "ನಿಮ್ಮನೇಲೇ ಇರ್ಲಿ ಬಿಡಿ. ಮರ ಇದೆ ಅಂತೀರಿ, ನೆರಳಲ್ಲಿ ತಣ್ಣಗಿರುತ್ತೆ." ದೂರಿಗೆ ಲಿಖಿತ ಉತ್ತರವಾಗಿ ಒಂದು ಹಿಂಬರಹ ಕೊಟ್ಟು ಕಳಿಸಿದರು. ಚಿಕ್ಕಪ್ಪ ಆ ಹಿಂಬರಹವನ್ನು ಎರಡು ಸಲ ಓದಿ, ನಮಗಿಂತ ಹೆಚ್ಚು ಖುಷಿಪಟ್ಟರು.

ಆಮೇಲೆ ಮಾಲೀಕನ ಹುಡುಕಾಟ. ನಂಬರು ಕೆಎ 14, ಅಂದರೆ ಶಿವಮೊಗ್ಗದ ಗಾಡಿ. ನಮ್ಮ ಹುಡುಗ ಆ ಕಡೆಯವನೇ ಅಲ್ಲ! ಮೊಬೈಲಿನ ಸರ್ಕಾರಿ ಆಪ್‌ನಲ್ಲಿ ನಂಬರು ಹಾಕಿದರೆ ಮಾಲೀಕರ ಹೆಸರೇನೋ ಬರುತ್ತದೆ. ಆದರೆ ಒಂದೆರಡು ಅಕ್ಷರ ಬಿಟ್ಟು ಮಿಕ್ಕದ್ದೆಲ್ಲ ನಕ್ಷತ್ರ. "ಹೆಸರಿನ ಬದಲು ನಕ್ಷತ್ರ ಕೊಟ್ಟಿದ್ದಾರೆ" ಅಂದೆ. ಅತ್ತೆ ಕನ್ನಡಕ ಏರಿಸಿ ನೋಡಿ, "ರಾಶಿ ಕೊಟ್ಟಿಲ್ವಾ?" ಅಂದರು.

ದಾರಿ ತೋರಿಸಿದ್ದು ಮತ್ತೆ ಚಿಕ್ಕಪ್ಪನೇ. ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್ ಅಂತ ಸಿಗುತ್ತದೆ. ಗಾಡಿಯ ಜಾತಕ. ಹಿಂಬರಹ ಜೊತೆಗಿಟ್ಟು, ಕಾರಣ ಬರೆದು, ಫೀಸು ಕಟ್ಟಿ ಅದನ್ನು ತೆಗೆಸಿದರು. ನಕ್ಷತ್ರಗಳೆಲ್ಲ ಸರಿದು ತೀರ್ಥಹಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಹೆಸರು, ವಿಳಾಸ ಬಂತು. ಕಾಗದ ಹಾಕಿದೆವು. ಅದು ಮುಟ್ಟಿದ ದಿನವೇ ಫೋನ್.

"ಎಂತ ಮಾರಾಯ್ರೆ, ಆ ಕಾರು ಇನ್ನೂ ಇದೆಯಾ? ಅದೂ ನನ್ನ ಹೆಸರಲ್ಲಿ?"

ಮೇಷ್ಟ್ರು ಅದನ್ನು ಎಷ್ಟೋ ಹಿಂದೆ ಶಿವಮೊಗ್ಗದ ಬ್ರೋಕರ್‌ಗೆ ಮಾರಿದ್ದರಂತೆ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿಕೊಟ್ಟು ಕೈ ತೊಳೆದುಕೊಂಡಿದ್ದರು. ಕೊಂಡವರು ಫಾರಂ ಆರ್‌ಟಿಓಗೆ ಕೊಡಲಿಲ್ಲ. ಕಾರು ಕೈಯಿಂದ ಕೈಗೆ ದಾಟಿ ನಮ್ಮ ಸಂಪಿಗೆ ಮರದವರೆಗೆ ಬಂದಿತ್ತು. ಚಿಕ್ಕಪ್ಪ ಸುಮ್ನಿರಬೇಕಲ್ವಾ? ಸ್ಪೀಕರ್ ಫೋನಿಗೆ ಬಗ್ಗಿ, "ಮೇಷ್ಟ್ರೇ, ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಈ ನಡುವೆ ಅದು ಯಾರಿಗಾದರೂ ಗುದ್ದಿದ್ದರೆ ಪರಿಹಾರ ನಿಮ್ಮ ತಲೆಗೆ" ಅಂದರು. ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆ ಸದ್ದು. ಮಾರನೇ ರಾತ್ರಿಯ ಬಸ್ಸಿಗೆ ಮೇಷ್ಟ್ರು ಹೊರಟೇಬಿಟ್ಟರು.

ಒಂದು ಕೈಯಲ್ಲಿ ಮಿಡಿ ಉಪ್ಪಿನಕಾಯಿ ಜಾಡಿ, ಇನ್ನೊಂದರಲ್ಲಿ ಕಾರಿನ ಇನ್ನೊಂದು ಕೀ. ಮಾರುವಾಗ ಕೊಡಲು ಮರೆತು, ಬೀರುವಿನಲ್ಲಿ ಹಾಗೇ ಇತ್ತಂತೆ. ಬಾಗಿಲಿಗೆ ಕೊಬ್ಬರಿ ಎಣ್ಣೆ ಬಿಟ್ಟು ತಿರುಗಿಸಿದೆವು. ತೆಗೆದುಕೊಂಡಿತು. ಹಿಂದಿನ ಸೀಟಿನ ತುಂಬ ಹುಡುಗನ ಸ್ಯಾಂಪಲ್ ಮಾತ್ರೆಗಳು, ಎಲ್ಲ ಅವಧಿ ಮೀರಿದವು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಆರ್‌ಸಿ ಕಾರ್ಡು. ಅದರಡಿ ನಾಲ್ಕು ಮಡಿಕೆ ಮಾಡಿದ ಫಾರಂ 29, 30. ಮಡಿಕೆಯ ಗೆರೆ ಹಳದಿಗಟ್ಟಿ ಅಲ್ಲಲ್ಲಿ ಸೀಳಿತ್ತು. ಮಾರಿದವರ ಜಾಗದಲ್ಲಿ ದುಂಡಗೆ ಮೇಷ್ಟ್ರ ಸಹಿ. ಕೊಂಡವರ ಜಾಗ ಖಾಲಿ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ಬರುತ್ತೇನೋ ಅಂದುಕೊಂಡೆ. "ಆಗ ಕೈ ನಡುಗ್ತಿರಲಿಲ್ಲ ನೋಡಿ. ಎಷ್ಟು ನೆಟ್ಟಗೆ ಬಂದಿದೆ ಸಹಿ" ಅಂದರು.

ದಾಖಲೆಯ ಮಾಲೀಕರು ಸಿಕ್ಕರು, ಸರಿ. ಆದರೆ ದುಡ್ಡು ಕೊಟ್ಟು ಕೊಂಡಿದ್ದ ಹುಡುಗನ ಒಪ್ಪಿಗೆಯೂ ಬೇಕು ಅಂತ ಚಿಕ್ಕಪ್ಪನ ಹಠ. ಹದಿನೈದು ದಿನದೊಳಗೆ ತಗೊಂಡು ಹೋಗದಿದ್ದರೆ ಗುಜರಿಗೆ ಕೊಡುತ್ತೇವೆ ಅಂತ ನೋಟಿಸ್ ಬರೆದು, ಅಂಚೆಯಲ್ಲೂ ವಾಟ್ಸಾಪಿನಲ್ಲೂ ಕಳಿಸಿದರು. ನೀಲಿ ಟಿಕ್ ಬಂತು. ಈ ಸಲ ಉತ್ತರವೂ ಬಂತು: "ಏನ್ ಬೇಕಾದ್ರೂ ಮಾಡ್ಕೊಳ್ಳಿ ಸರ್. ನಂಗೆ ಬೇಡ." ಪಕ್ಕದಲ್ಲಿ ಕೈಮುಗಿದ ಚಿತ್ರ. ಚಿಕ್ಕಪ್ಪ ಅದನ್ನು ಕಲರ್ ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿದರು.

ಮುಂದಿನದು ಸುಲಭವಾಗಿತ್ತು. 2021ರ ನಿಯಮದ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಗಳಿವೆ. ಮೇಷ್ಟ್ರು ಆರ್‌ಸಿ, ಗುರುತಿನ ಚೀಟಿ, ಬ್ಯಾಂಕಿನ ವಿವರ ಕೊಟ್ಟರು. ಸಾಲ, ಕೇಸು ಏನೂ ಇಲ್ಲ ಅಂತ ಕೇಂದ್ರದವರೇ ನೋಡಿಕೊಂಡರು. ಒಂದು ಲಾರಿ ಬಂದು, ಸರಪಳಿ ಕಟ್ಟಿ, ಕಾರನ್ನು ಮೇಲೆಳೆದುಕೊಂಡಿತು. ದುಡ್ಡು ಮೇಷ್ಟ್ರ ಖಾತೆಗೆ. ಜೊತೆಗೆ ಒಂದು ಸರ್ಟಿಫಿಕೇಟು, ಅದಿದ್ದರೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿ. "ಈ ಜನ್ಮಕ್ಕೆ ನಂಗೆ ಗಾಡಿ ಬೇಡ. ಇದನ್ನ ಬೇರೆಯವರಿಗೂ ಮಾರ್ಬಹುದಂತೆ, ನಿಮಗೆ ಬೇಕಾ?" ಅಂತ ಮೇಷ್ಟ್ರು ಕೇಳಿದರು. "ಮಾರೋದಾದ್ರೆ ಫಾರಂ ಪೂರ್ತಿ ತುಂಬಿಸಿಯೇ ಸಹಿ ಹಾಕಿ" ಅಂದರು ಚಿಕ್ಕಪ್ಪ.

ಇಷ್ಟೆಲ್ಲ ಮುಗಿದು ಯಜಮಾನರು ನಮ್ಮ ಕಾರನ್ನು ಒಳಗೆ ತಂದು ತೊಳೆಯುತ್ತಿದ್ದರು. ಫೋನ್ ಬಂತು. ಹುಡುಗ.

"ಆಂಟಿ, ಕಾರು ಕೊಟ್ಬಿಟ್ರಂತೆ?"

"ಹೂಂ ಕಣಪ್ಪ. ನೀನೇ ಬರೆದಿದ್ದೆಯಲ್ಲ."

"ಕಾರು ಸರಿ ಆಂಟಿ. ಅದರಲ್ಲಿ ಸ್ಟೆಪ್ನಿ ಇತ್ತಲ್ಲ, ಅದು ಹೊಸದು! ಒಂದು ಫೋನ್ ಮಾಡಿದ್ರೆ ಬಂದು ತಗೊಳ್ತಿದ್ನಲ್ಲಾ."

ನನಗೆ ಮಾತೇ ಹೊರಡಲಿಲ್ಲ. ಅತ್ತೆ ನನ್ನ ಕೈಯಿಂದ ಫೋನ್ ತಗೊಂಡರು. "ತಮ್ಮಾ, ಆ ಸ್ಟೆಪ್ನಿ ಬೆಲೆ ಎಷ್ಟು ಹೇಳು. ಅದರ ಮೂರರಲ್ಲಿ ಎರಡು ಭಾಗ ಎಷ್ಟಾಗುತ್ತೆ ಲೆಕ್ಕ ಹಾಕ್ಕೋ. ಬೂದುಗುಂಬಳ, ನಿಂಬೆಹಣ್ಣು, ಬೆಕ್ಕಿನ ಹಾಲು, ಎಲ್ಲಾ ಬರೆದಿಟ್ಟಿದ್ದೀನಿ ನಾನು."

ಲೈನ್ ಕಟ್ಟಾಯಿತು.

"ಸೆಕ್ಷನ್ ನಂಬರ್ ಹೇಳೋದ್ರೊಳಗೆ ಇಟ್ಬಿಟ್ನಲ್ಲೇ" ಅಂದರು ಅತ್ತೆ, ಬಹಳ ಬೇಜಾರಿನಲ್ಲಿ.