ಹೈಲೈಟರ್ ಅಂದ್ರೆ ಪೆನ್ನಾ, ಪೌಡರಾ?

"ಬರ್ತಾ ಒಂದು ಹೈಲೈಟರ್ ತಗೊಂಡ್ ಬಾ ಮಾಮ" ಅಂತ ಅಕ್ಕನ ಮಗಳು ಮೆಸೇಜ್ ಹಾಕಿದ್ದಳು. ಪರೀಕ್ಷೆ ಹತ್ತಿರ ಬಂತಲ್ಲ, ಹುಡುಗಿ ಓದೋಕೆ ಕೂತಿದ್ದಾಳೆ ಅಂತ ಖುಷಿಯಾಗಿ ಹಳದಿ ಒಂದು, ಗುಲಾಬಿ ಒಂದು ತಂದುಕೊಟ್ಟೆ. ಪೆನ್ನು ನೋಡಿದಳು, ನನ್ನ ಮುಖ ನೋಡಿದಳು, ಬಿದ್ದು ಬಿದ್ದು ನಕ್ಕಳು. ಅವಳಿಗೆ ಬೇಕಿದ್ದದ್ದು ಕೆನ್ನೆಗೆ ಹಚ್ಚೋದು!

ಆಮೇಲೆ ಯೋಚನೆ ಮಾಡಿದರೆ ಅವಳೇ ಸರಿ. ಹೈಲೈಟ್ ಅನ್ನೋದು ಮೂಲದಲ್ಲಿ ಚಿತ್ರ ಬರೆಯುವವರ ಮಾತು. ಚಿತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಬೆಳಕು ಬಿದ್ದ ಜಾಗ ಅಂತ ಅರ್ಥ. ಕಣ್ಣು ಬರೆದು ಕೊನೆಗೆ ಪಾಪೆಯ ಮೇಲೆ ಒಂದೇ ಒಂದು ಬಿಳಿ ಚುಕ್ಕೆ ಇಡ್ತಾರಲ್ಲ, ಆ ಕ್ಷಣಕ್ಕೆ ಚಿತ್ರ ನಮ್ಮನ್ನೇ ನೋಡೋಕೆ ಶುರು ಮಾಡುತ್ತೆ, ಅದು. ಮೇಕಪ್ಪಿನವರು ಮಾಡೋದೂ ಅದನ್ನೇ. ಕೆನ್ನೆಯ ಮೂಳೆ, ಮೂಗಿನ ಏಣು, ಹೀಗೆ ಬೆಳಕು ತಾನಾಗಿ ಬೀಳುವ ಕಡೆ ಹೊಳಪು ಹಚ್ಚುತ್ತಾರೆ. ಆ ಹೊಳಪು ಎಷ್ಟೋ ಸಲ ನಮ್ಮ ಹಳೇ ಕಾಗೆಬಂಗಾರದ ಪುಡಿಯೇ.

ಪೆನ್ನು ಈ ಹೆಸರು ಹೊತ್ತದ್ದು ತೀರಾ ಈಚೆಗೆ, 1960ರ ದಶಕದಲ್ಲಿ. ಜರ್ಮನಿಯ ಸ್ಟಾಬಿಲೊ ಬಾಸ್ ಅನ್ನೋ ಚಪ್ಪಟೆ ಹೈಲೈಟರ್ ಪೆನ್ನು ಬಂದದ್ದು 1971ರಲ್ಲಿ. ಆದರೂ ಹೆಸರು ಸುಳ್ಳಲ್ಲ. ಆ ಶಾಯಿ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ಕಾಣುವ ಬೆಳಕಾಗಿ ವಾಪಸ್ ಕೊಡುತ್ತೆ, ಅದಕ್ಕೇ ಕಾಗದಕ್ಕಿಂತ ಜೋರಾಗಿ ಹೊಳೆಯೋದು. (ಹೊಸದಾಗಿ ಇಂಕ್‌ಜೆಟ್ ಪ್ರಿಂಟ್ ತೆಗೆದ ಹಾಳೆ ಮೇಲೆ ಮಾತ್ರ ತಕ್ಷಣ ಎಳೆಯಬೇಡಿ, ಅಕ್ಷರ ಎಲ್ಲ ಕಲಸಿಹೋಗುತ್ತೆ.)

ಮ್ಯಾಚ್ ಹೈಲೈಟ್ಸ್, ಕೂದಲಿನ ಹೈಲೈಟ್ಸ್, ಪ್ರೋಗ್ರಾಂ ಬರೆಯುವವರ ಪರದೆಯ ಬಣ್ಣಬಣ್ಣದ ಪದಗಳು, ಎಲ್ಲ ಅದೇ ಮನೆಯವು. ಕನ್ನಡದಲ್ಲಿ ಇದಕ್ಕೆ ನನಗೆ ಇಷ್ಟದ ಮಾತು 'ಎದ್ದು ಕಾಣು'. ಸುತ್ತಲಿನವು ಕೂತಿದ್ದರೆ ತಾನೇ ಒಂದು ಎದ್ದು ಕಾಣೋದು?

ಇದು ನನಗೆ ಗೊತ್ತಾದದ್ದು ನನ್ನದೇ ಹಳೇ ಪುಸ್ತಕ ತೆರೆದಾಗ. ಒಂದು ಪುಟ ಪೂರ್ತಿ ಹಳದಿ. ಪೆನ್ನು ಮುಟ್ಟದೆ ಉಳಿದದ್ದು ಎರಡೇ ಸಾಲು, ಎದ್ದು ಕಾಣುತ್ತಿದ್ದದ್ದು ಆ ಎರಡು ಬಿಳಿ ಸಾಲೇ! ಓದಿದ್ದು ಒಂದಕ್ಷರ ನೆನಪಿಲ್ಲ, ಎಳೆದ ಖುಷಿ ಮಾತ್ರ ನೆನಪಿದೆ. 2013ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಡನ್ಲೋಸ್ಕಿ ಮತ್ತು ಜೊತೆಯವರು ಓದುವ 10 ವಿಧಾನಗಳನ್ನು ತೂಗಿ ನೋಡಿ, ಗೆರೆ ಎಳೆಯೋದನ್ನು ಕಡಿಮೆ ಪ್ರಯೋಜನದ ಸಾಲಿಗೆ ಹಾಕಿದರು. ತಮ್ಮನ್ನು ತಾವೇ ಪ್ರಶ್ನೆ ಕೇಳಿಕೊಂಡು ಓದುವ ವಿಧಾನಕ್ಕೆ ಒಳ್ಳೇ ಮಾರ್ಕ್ಸ್ ಬಿತ್ತು. ನಾನಂತೂ ಈಗ ಪುಟ ಪೂರ್ತಿ ಓದಿ ಮುಗಿಸೋ ತನಕ ಪೆನ್ನಿನ ಮುಚ್ಚಳ ತೆಗೆಯಲ್ಲ.

ಮರುದಿನ ಅವಳು ಕನ್ನಡಿ ಮುಂದೆ ಕೂತು, ಬೆರಳ ತುದಿಗೆ ಚೂರೇ ಚೂರು ತಗೊಂಡು, ಅದರಲ್ಲೂ ಅರ್ಧ ಒರೆಸಿ ಹಾಕಿ ಹಚ್ಚಿಕೊಳ್ಳುತ್ತಿದ್ದಳು. ಇಷ್ಟೇನಾ ಅಂದೆ.

"ಜಾಸ್ತಿ ಹಚ್ಚಿದ್ರೆ ಎಣ್ಣೆ ಮುಖ ಆಗುತ್ತೆ ಮಾಮ."