ಹೊರಗಿನ ಸರಕು ಬಂದರೆ ಬಡತನ ತಗ್ಗೀತೇ?

ಪರ, ವಿರೋಧ ಎರಡನ್ನೂ ನಾನೊಬ್ಬನೇ ಬರೆದಿದ್ದೇನೆ. ಕಾಸರಗೋಡಿನ ಬದಿಯಡ್ಕದ ಆಚೆ ಎರಡೂವರೆ ಎಕರೆ ಅಡಿಕೆ ತೋಟ ಇರುವವನ ಮಾತಿದು ಎಂಬುದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ಪರ

ಅಡಿಕೆ ಧಾರಣೆ ಕಿಲೋಗೆ ಹತ್ತು ರೂಪಾಯಿ ಇಳಿದರೆ ಸಂಜೆಯೊಳಗೆ ನಮ್ಮ ಪೇಟೆಯ ಹೋಟೆಲಿನಲ್ಲಿ ಆಮದು ನೀತಿಯ ವಿಮರ್ಶೆ ಶುರುವಾಗುತ್ತದೆ. ಮಾತಾಡುವವರೆಲ್ಲ ತೋಟ ಇರುವವರು. ಚಹಾ ತಂದಿಡುವ ಹುಡುಗನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಅವನಿಗೆ ಮಾರಲು ಇರುವುದು ತನ್ನ ದುಡಿಮೆ ಒಂದೇ. ಅಕ್ಕಿ, ಬೇಳೆ, ಎಣ್ಣೆ ಎಲ್ಲವನ್ನೂ ಅವನು ಅಂಗಡಿಯಿಂದಲೇ ತರಬೇಕು. ಮ್ಯಾನ್ಮಾರ್, ಮೊಜಾಂಬಿಕ್‌ಗಳ ತೊಗರಿ, ಇಂಡೊನೇಷ್ಯಾದ ತಾಳೆ ಎಣ್ಣೆ ಬಾರದಿದ್ದರೆ ಅವನ ಮನೆಯ ಸಾರು ಇನ್ನಷ್ಟು ತೆಳ್ಳಗಾಗುತ್ತದೆ. ತೆಂಗಿನೆಣ್ಣೆಗೆ ಒಳ್ಳೆಯ ಬೆಲೆ ಬರಲೆಂದು ಹರಸುವ ನಾವು, ಕೊಳ್ಳಲಾಗದವರು ಯಾವ ಎಣ್ಣೆಯಲ್ಲಿ ಒಗ್ಗರಣೆ ಹಾಕಬೇಕೆಂದು ಯೋಚಿಸುವುದಿಲ್ಲ.

ಗೇರುಬೀಜದ ಕಾರ್ಖಾನೆಗಳನ್ನು ನೋಡಿ. ಕರಾವಳಿಯಲ್ಲಿ ಬೆಳೆಯುವ ಬೀಜ ಅವುಗಳಿಗೆ ವರ್ಷವಿಡೀ ಸಾಲುವುದಿಲ್ಲ. ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾಗಳಿಂದ ಹಡಗಿನಲ್ಲಿ ಬೀಜ ಬಂದರಷ್ಟೇ ಮಳೆಗಾಲದಲ್ಲೂ ಬಾಗಿಲು ತೆರೆದಿರುತ್ತದೆ. ಸಿಪ್ಪೆಯ ಎಣ್ಣೆ ತಾಗಿ ಬೆರಳುಗಳು ಕಪ್ಪಾದ ಹೆಂಗಸರು ಬೆಳಗಿನ ಬಸ್ಸಿನಲ್ಲಿ ಹೋಗುತ್ತಾರಲ್ಲ, ಅವರ ಕೂಲಿ ಆಮದಿನಿಂದಲೇ ಹುಟ್ಟಿದ್ದು. ಆಮದು ಎಂದರೆ ಉದ್ಯೋಗಕ್ಕೆ ಕುತ್ತು ಎಂದು ಭಾಷಣ ಬಿಗಿಯುವವರು ಒಮ್ಮೆ ಆ ಬಸ್ಸು ಹತ್ತಲಿ.

ಇನ್ನು ದೊಡ್ಡ ಲೆಕ್ಕ. ವಿಯೆಟ್ನಾಂ 1986ರಲ್ಲಿ ಆರ್ಥಿಕ ನೀತಿಯನ್ನು ಸಡಿಲಿಸಿತು. ಅಕ್ಕಿಯನ್ನು ಆಮದು ಮಾಡಿಕೊಳ್ಳುತ್ತಿದ್ದ ದೇಶ ಕೆಲವೇ ವರ್ಷಗಳಲ್ಲಿ ರಫ್ತುದಾರನಾಯಿತು. ಅಲ್ಲಿನ ಬಡತನ ಕರಗಿದ ವೇಗಕ್ಕೆ ಹೋಲಿಕೆ ಅಪರೂಪ. ವಿಶ್ವ ಬ್ಯಾಂಕಿನ ಅಂದಾಜಿನಂತೆ 1990ರಲ್ಲಿ ಜಗತ್ತಿನ ಸುಮಾರು 36 ಶೇಕಡಾ ಜನ ಕಡುಬಡವರು. 2015ರಲ್ಲಿ ಸುಮಾರು 10 ಶೇಕಡಾ. ಎಲ್ಲವೂ ವ್ಯಾಪಾರದಿಂದಲೇ ಆಯಿತೆಂದರೆ ಅದು ಉಡಾಫೆ. ಆದರೆ ಬಾಗಿಲು ಜಡಿದು ಕುಳಿತು ಬಡತನ ನೀಗಿಸಿಕೊಂಡ ದೇಶದ ಹೆಸರು ಕೇಳಿದರೆ ನಾನು ತಡವರಿಸುತ್ತೇನೆ.

ನನಗೆ ಮಾತ್ರ ಗೋಡೆ ಬೇಕು. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಅಗ್ಗದ ಅಡಿಕೆಯನ್ನು ಒಳಗೆ ಬಿಡದ ಮಿತಿ, ಕಿಲೋಗೆ 251ರಿಂದ 351 ರೂಪಾಯಿಗೆ ಏರಿದಾಗ ನಾನೂ ಖುಷಿಪಟ್ಟವನೇ. ಆ ಗೋಡೆ ಕಾಯುವುದು ಮರ ಇರುವವನನ್ನು.

ವಿರೋಧ

ಹಾಗೆಂದು ಮೇಲೆ ಬರೆದೆ. ಗೋಡೆ ಬಿದ್ದಾಗ ಮೊದಲು ಪೆಟ್ಟು ತಿನ್ನುವವನು ಯಾರು ಎಂಬುದನ್ನು ಅಲ್ಲಿ ಬರೆಯಲಿಲ್ಲ.

ಕೊಳೆರೋಗ ತಡೆಯಲು ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣ ಕದಡಿದ ನೀಲಿ ನೀರು. ನಮ್ಮಲ್ಲಿಗೆ ಬರುವಾತ ತಲೆಗೆ ಮುಟ್ಟಾಳೆ, ಕಾಲಿಗೆ ತಳೆ ಹಾಕಿ ಮರವೇರುತ್ತಾನೆ. ಒಂದು ಮರದ ತುದಿಯಿಂದಲೇ ಸುತ್ತಲಿನ ಗೊನೆಗಳಿಗೂ ಹೊಡೆದು, ಮರ ಬಾಗಿಸಿ ಪಕ್ಕದ್ದಕ್ಕೆ ದಾಟುತ್ತಾನೆ. ಮಳೆ ಎಳೆದರೆ ಎರಡನೆಯ ಸಲ, ಕೆಲವೊಮ್ಮೆ ಮೂರನೆಯ ಸಲವೂ ಬಿಡಬೇಕಾಗುತ್ತದೆ. ಅಡಿಕೆಯ ಧಾರಣೆ ಕುಸಿದ ವರ್ಷ ನಾನು ಒಂದೇ ಸಲ ಬಿಡಿಸಿ ಸುಮ್ಮನಾದೆ. ಕೊಳೆರೋಗ ಬಂದರೆ ಬರಲಿ ಎಂದುಕೊಂಡೆ. ನನಗೆ ಆದಾಯ ಕಡಿಮೆಯಾಯಿತು, ಆತನಿಗೆ ಕೆಲಸವೇ ಇಲ್ಲವಾಯಿತು. ಬುಡಕ್ಕೆ ಮಣ್ಣು ಹಾಕುವವರನ್ನೂ ಆ ವರ್ಷ ಕರೆಯಲಿಲ್ಲ. ಬೆಲೆ ಕುಸಿತ ತೋಟದವನ ಮನೆಗೆ ಬರುವ ಮೊದಲು ಕೂಲಿಯವನ ಮನೆಯನ್ನು ಹಾದೇ ಬರುತ್ತದೆ.

ಅಂಥವನು ಬೇರೆ ಕೆಲಸಕ್ಕೆ ಹೋಗುತ್ತಾನೆ ಎಂದು ಪುಸ್ತಕಗಳು ಹೇಳುತ್ತವೆ. ಐವತ್ತು ದಾಟಿದ ಮರ ಹತ್ತುವವನು ಯಾವ ಕಾರ್ಖಾನೆಗೆ ಹೋಗಬೇಕು? ಅರ್ಥಶಾಸ್ತ್ರಜ್ಞೆ ಪೆಟಿಯಾ ಟೊಪಲೋವಾ 1991ರ ನಂತರದ ಭಾರತದ ಜಿಲ್ಲೆಗಳನ್ನು ತಾಳೆ ನೋಡಿದಾಗ ಕಂಡದ್ದೂ ಇದೇ: ಸುಂಕ ಕಡಿತದ ಹೊಡೆತ ಹೆಚ್ಚು ಬಿದ್ದ ಗ್ರಾಮೀಣ ಜಿಲ್ಲೆಗಳಲ್ಲಿ ಬಡತನ ಇಳಿಯುವ ವೇಗ ಉಳಿದೆಡೆಗಿಂತ ಕಡಿಮೆ. ಜನ ಸುಲಭವಾಗಿ ಊರು ಬಿಡಲಿಲ್ಲ, ಕಸುಬು ಬದಲಿಸಲಿಲ್ಲ. ದೇಶದ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ.

ಮೇಲೆ ಹೊಗಳಿದ ವಿಯೆಟ್ನಾಂ ಏನು ಬೆಳೆಯಿತು? ಕಾಫಿ, ಕಾಳುಮೆಣಸು. ಮೆಣಸಿನ ಬೆಲೆ ಕುಸಿದು, ಅಲ್ಲಿ ಬಡತನ ಕಳೆದ ಬಳ್ಳಿಯೇ ಈ ಶತಮಾನದ ಆರಂಭದಲ್ಲಿ ವಯನಾಡಿನ ರೈತರ ಕುತ್ತಿಗೆಗೆ ಸುತ್ತಿಕೊಂಡಿತು. ಸಾಲ ತೀರಿಸಲಾಗದೆ ಎಷ್ಟೋ ಮಂದಿ ಜೀವ ಕಳೆದುಕೊಂಡರು. ಒಪ್ಪಂದಗಳ ಬಾಗಿಲೂ ನೇರವಾಗಿಲ್ಲ. ಶ್ರೀಲಂಕಾ ಜತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಯಾಯಿತು. ಬೇರೆ ದೇಶಗಳ ಮೆಣಸು ಅಲ್ಲಿನ ಹೆಸರು ಹೊತ್ತು ಇಲ್ಲಿಗಿಳಿಯುತ್ತದೆ ಎಂದು ಬೆಳೆಗಾರರು ದೂರುತ್ತಲೇ ಬಂದರು. ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂದದ್ದು 2017ರ ಡಿಸೆಂಬರಿನಲ್ಲಿ.

2009ರ ಅಕ್ಟೋಬರ್ 2ರಂದು ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಜತೆಗಿನ ಮುಕ್ತ ವ್ಯಾಪಾರ ಒಪ್ಪಂದದ ವಿರುದ್ಧ ಕೇರಳದ ಎಡರಂಗ ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ಕಟ್ಟಿತು. ಆ ರಾಜಕೀಯ ನನ್ನದಲ್ಲ, ಸರಪಳಿಯಿಂದ ಒಪ್ಪಂದವೂ ನಿಲ್ಲಲಿಲ್ಲ. 2010ರ ಜನವರಿಯಲ್ಲಿ ಜಾರಿಗೆ ಬಂತು. ನಮ್ಮ ಮದ್ದು ಬಿಡುವಾತ ಅಂದು ಸರಪಳಿಯಲ್ಲಿ ನಿಂತಿದ್ದ. ನನ್ನ ತೋಟದಲ್ಲಿ ಎರಡನೆಯ ಮದ್ದು ಬಿಡಿಸದ ವರ್ಷ ಅವನು ಜಗಲಿಗೆ ಬಂದು ಕುಳಿತು, ಈ ಸಲ ಮಳೆ ಕಡಿಮೆಯೇ ಅಲ್ಲವೇ ಅಣ್ಣಾ ಎಂದು ಕೇಳಿದ. ಹೌದು ಎಂದೆ. ಹೊರಗೆ ಮೂರು ದಿನಗಳಿಂದ ಬಿಡದೆ ಸುರಿಯುತ್ತಿತ್ತು.